ವೈಕ್ ಆನ್ ಝೇ: ಹೊಸದಾಗಿ ಬಂದವರಿಗೆ ನಾಲ್ಕೂ ಋತುಗಳ ಕಡಲತೀರ

ನೆದರ್ಲೆಂಡ್ಸ್‌ಗೆ ಬಂದ ನಮ್ಮವರು ಮೊದಲ ಬೇಸಿಗೆಯಲ್ಲಿ ಓಡುವುದು ಶೆವೆನಿಂಗನ್‌ಗೆ, ಇಲ್ಲವೇ ಝಾಂಡ್‌ಫೋರ್ಟ್‌ಗೆ. ಬಿಸಿಲು ಏರಿದ ಭಾನುವಾರ ರೈಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಒಂದು ಸಲ ಹೋಗಿ ಬಂದವರು ಸಮುದ್ರ ನೋಡಿಯಾಯಿತು ಎಂದು ಸುಮ್ಮನಾಗುತ್ತಾರೆ. ನನ್ನ ಸಲಹೆ ಬೇರೆ. ಒಂದು ಸಣ್ಣ ಊರನ್ನು ಹಿಡಿದುಕೊಳ್ಳಿ, ಅದೇ ಊರಿಗೆ ವರ್ಷವಿಡೀ ಹೋಗುತ್ತಿರಿ. ಇಲ್ಲಿನ ಹವಾಮಾನದ ಜೊತೆ ಹೊಂದಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಾನು ಹೇಳುವ ಊರು ವೈಕ್ ಆನ್ ಝೇ.

ಬೇವರ್‌ವೈಕ್‌ವರೆಗೆ ರೈಲು, ಅಲ್ಲಿಂದ ಬಸ್. ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಹತ್ತಬಹುದು. ಇಳಿಯುವಾಗ ಅದೇ ಕಾರ್ಡನ್ನು ಮತ್ತೆ ತಾಗಿಸಬೇಕು, ಮರೆತರೆ ಹೆಚ್ಚು ಹಣ ಹೋಗುತ್ತದೆ. ಕಾರಿನಲ್ಲಿ ಹೋಗುವವರು ಬೇಸಿಗೆಯಲ್ಲಿ ಬೆಳಿಗ್ಗೆಯೇ ತಲುಪುವುದು ಒಳ್ಳೆಯದು.

ಈ ಊರಿಗೆ ಮೊದಲು ಹೋಗಬೇಕಾದದ್ದು ಜನವರಿಯಲ್ಲಿ. ಕೊರೆಯುವ ಚಳಿಯಲ್ಲಿ ಕಡಲತೀರಕ್ಕೆ ಯಾಕೆ ಎನ್ನುತ್ತೀರಾ? ಟಾಟಾ ಸ್ಟೀಲ್ ಚೆಸ್ ಟೂರ್ನಿ ನಡೆಯುವುದು ಇಲ್ಲೇ. ಪಕ್ಕದ ಉಕ್ಕಿನ ಕಾರ್ಖಾನೆ ಹೋಖೋವನ್ಸ್ ಎಂಬ ಹೆಸರಿನಲ್ಲಿದ್ದಾಗ, 1938ರಲ್ಲಿ ಬೇವರ್‌ವೈಕ್‌ನಲ್ಲಿ ಶುರುವಾದ ಟೂರ್ನಿ ಇದು. 1968ರಿಂದ ಈ ಊರಿನಲ್ಲಿ ನಡೆಯುತ್ತಿದೆ. ಕಾರ್ಖಾನೆ 2007ರಲ್ಲಿ ಟಾಟಾ ಕೈಗೆ ಬಂತು. ವಿಶ್ವನಾಥನ್ ಆನಂದ್ ಇಲ್ಲಿ ಐದು ಸಲ ಗೆದ್ದಿದ್ದಾರೆ, ಅದರಲ್ಲಿ ಕೆಲವು ಸಲ ಜಂಟಿಯಾಗಿ. 2025ರಲ್ಲಿ ಗುಕೇಶ್ ಮತ್ತು ಪ್ರಜ್ಞಾನಂದ ಸಮಸಮ ಅಂಕ ಪಡೆದು ಟೈಬ್ರೇಕ್ ಆಡಿದಾಗ ಗೆದ್ದದ್ದು ಪ್ರಜ್ಞಾನಂದ. ದಿಗ್ಗಜರು ಆಡುವ ದೆ ಮೋರಿಯಾನ್ ಸಭಾಂಗಣದಲ್ಲೇ ಹವ್ಯಾಸಿಗಳೂ ಸಾಲುಸಾಲು ಮೇಜುಗಳಲ್ಲಿ ಆಡುತ್ತಾರೆ. ಮನೆಯಲ್ಲಿ ಚೆಸ್ ಆಡುವ ಮಗುವಿದ್ದರೆ ದಯವಿಟ್ಟು ಕರೆದುಕೊಂಡು ಹೋಗಿ.

ಟೂರ್ನಿಯ ದಿನಗಳಲ್ಲಿ ಸಿಗುವ ಬಟಾಣಿ ಸೂಪಿನಲ್ಲಿ, ಎರ್ವ್ಟನ್‌ಸೂಪ್ ಅನ್ನುತ್ತಾರೆ, ವಾಡಿಕೆಯಂತೆ ಹಂದಿಮಾಂಸ ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಿ.

ಚಳಿಗಾಲದ ತೀರಕ್ಕೆ ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಟೋಪಿಯಿರುವ ಮಳೆ ಜಾಕೆಟ್ಟು, ಒಳಗೆ ಉಣ್ಣೆ, ನೀರು ಹೋಗದ ಬೂಟು ಇದ್ದರೆ ಸಾಕು. ಹಾಲೆಂಡಿನ ಅತಿ ಅಗಲದ ಕಡಲತೀರಗಳಲ್ಲಿ ಇದೂ ಒಂದು. ಇಳಿತದ ಹೊತ್ತಿನಲ್ಲಿ ನೀರು ಮುಟ್ಟಲು ಸಾಕಷ್ಟು ನಡೆಯಬೇಕು. ಬಿರುಗಾಳಿಯ ದಿನ ಉತ್ತರದ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಮಾತ್ರ ಹೋಗಬೇಡಿ, ಅಲೆ ಕಟ್ಟೆಯನ್ನೇ ದಾಟಿ ಬರುತ್ತದೆ. ದಡದಲ್ಲಿ ನಿಂತರೂ ಐಮೌಡನ್ ಬಂದರಿಗೆ ಬರುವ ಭಾರೀ ಹಡಗುಗಳು ಚೆನ್ನಾಗಿ ಕಾಣುತ್ತವೆ.

ಮಾರ್ಚ್ ಹೊತ್ತಿಗೆ ಮರಳಿನ ಮೇಲೆ ಟ್ರ್ಯಾಕ್ಟರುಗಳು ಓಡಾಡತೊಡಗುತ್ತವೆ. ಬೇಸಿಗೆಯ ಮರದ ಮನೆಗಳು, ಸ್ಟ್ರಾಂಡ್‌ಟೆಂಟ್ ಎನ್ನುವ ಹೋಟೆಲುಗಳು ಮತ್ತೆ ನಿಲ್ಲುತ್ತವೆ. ಅವುಗಳ ಜಗುಲಿಯಲ್ಲಿ ಕುಳಿತು ಮನೆಯ ಚಿತ್ರಾನ್ನದ ಡಬ್ಬಿ ಬಿಚ್ಚುವುದು ಸರಿಯಲ್ಲ. ನಾಲ್ಕು ಹೆಜ್ಜೆ ಆಚೆ, ಬಯಲು ಮರಳಲ್ಲಿ ಕುಳಿತು ಉಂಡರೆ ಯಾರೂ ಏನೂ ಅನ್ನುವುದಿಲ್ಲ.

ಮೇ ತಿಂಗಳಲ್ಲಿ ಬಿಸಿಲು ಚುರುಕಾಗಿದ್ದರೂ ನೀರು ಇನ್ನೂ ತಣ್ಣಗೇ ಇರುತ್ತದೆ. ಆಗಸ್ಟಿನಲ್ಲಿ ಸುಮಾರು 18ರಿಂದ 20 ಡಿಗ್ರಿಗೆ ಬರುತ್ತದೆ, ಅದೇ ಇಲ್ಲಿನ ಬೆಚ್ಚಗಿನ ನೀರು. ಮಲ್ಪೆ, ಮರವಂತೆಯಲ್ಲಿ ಆಡಿ ಬೆಳೆದವರೂ ಇಲ್ಲಿ ಹೊಸಬರೇ. ಅಲ್ಲಿ ಮಳೆಗಾಲದ ಕಡಲು ಅಬ್ಬರಿಸಿ ತಾನೇ ಎಚ್ಚರಿಸುತ್ತದೆ. ಇಲ್ಲಿ ಶಾಂತವಾಗಿ ಕಾಣುವ ಬೇಸಿಗೆ ದಿನವೇ ಅಪಾಯದ್ದಾಗಿರಬಹುದು. ಪೂರ್ವದಿಂದ ಗಾಳಿ ಬೀಸಿದರೆ ನೀರು ನಯವಾಗಿರುತ್ತದೆ, ಆದರೆ ಆ ಗಾಳಿ ದಡದಿಂದ ಕಡಲಿನ ಕಡೆಗೆ ಹೋಗುತ್ತದೆ. ಗಾಳಿ ತುಂಬಿದ ಆಟಿಕೆಯ ಮೇಲೆ ಕುಳಿತ ಮಗು ನೋಡನೋಡುತ್ತಲೇ ದೂರವಾಗುತ್ತದೆ. ಇಂಥ ದಿನ ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿರುತ್ತದೆ, ಅಂದರೆ ಗಾಳಿ ಆಟಿಕೆ ನೀರಿಗೆ ಇಳಿಸಬೇಡಿ ಎಂದರ್ಥ. ಹಳದಿ ಬಾವುಟ ಇದ್ದರೆ ಈಜು ಅಪಾಯ, ಕೆಂಪು ಇದ್ದರೆ ನೀರಿಗೆ ಇಳಿಯುವಂತಿಲ್ಲ. ಅರ್ಧ ಕೆಂಪು ಅರ್ಧ ಹಳದಿಯ ಬಾವುಟ ಇದ್ದರೆ ಕಾವಲಿನವರು ಇದ್ದಾರೆ. ಬಿಳಿ ಬಾವುಟದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ತಪ್ಪಿಸಿಕೊಂಡ ಮಗುವೊಂದು ಅವರ ಬಳಿ ಇದೆ.

ಇನ್ನೊಂದು ಅಪಾಯವನ್ನು ಕಣ್ಣಿಟ್ಟು ನೋಡಲು ಕಲಿಯಬೇಕು. ದಡಕ್ಕೆ ಸಮಾನಾಂತರವಾಗಿ ನೀರೊಳಗೆ ಮರಳ ದಿಬ್ಬಗಳಿರುತ್ತವೆ. ಅಲೆಗಳು ಅವುಗಳ ಮೇಲೆ ಒಡೆದು ಬೆಳ್ಳಗೆ ನೊರೆಯಾಗುತ್ತವೆ. ನಡುವೆ ಒಂದು ಕಡೆ ನೊರೆ ಕಡಿಮೆ, ನೀರು ಸಪಾಟು, ಬಣ್ಣ ಬೇರೆ. ಮಕ್ಕಳನ್ನು ಆಡಿಸಲು ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ. ಆದರೆ ದಡಕ್ಕೆ ನುಗ್ಗಿದ ನೀರೆಲ್ಲ ವಾಪಸು ಹರಿಯುವ ಕಿಂಡಿ ಅದು. ಡಚ್ಚರು ಅದನ್ನು ಮೌ ಎನ್ನುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ದಣಿಯಬೇಡಿ. ತೇಲುತ್ತಾ ಹೋಗಿ, ಸೆಳೆತ ಸಡಿಲಾದ ಮೇಲೆ ಪಕ್ಕಕ್ಕೆ ಈಜಿ, ನೊರೆಯೇಳುವ ದಿಬ್ಬದ ಕಡೆಯಿಂದ ವಾಪಸಾಗಿ. ಬೇರೆಯವರು ಸಿಕ್ಕಿಕೊಂಡರೆ ತಾವೇ ಧುಮುಕದೆ 112ಕ್ಕೆ ಕರೆ ಮಾಡಿ. ತೀರದಲ್ಲಿ ನೆಟ್ಟ ಕಂಬಗಳ ಮೇಲೆ ಸಂಖ್ಯೆ ಇರುತ್ತದೆ, ಅದನ್ನು ಹೇಳಿದರೆ ಜಾಗ ತಕ್ಷಣ ಗೊತ್ತಾಗುತ್ತದೆ. ಹೋದ ಕೂಡಲೇ ಹತ್ತಿರದ ಕಂಬದ ಸಂಖ್ಯೆ ನೋಡಿಟ್ಟುಕೊಳ್ಳುವುದನ್ನು ಮಕ್ಕಳಿಗೂ ಕಲಿಸಿ. ಆಳವಾದ ಗುಂಡಿ, ಸುರಂಗ ತೋಡಲು ಬಿಡಬೇಡಿ, ಮರಳು ಕುಸಿದು ಮೈಮೇಲೆ ಬೀಳುತ್ತದೆ. ಈಜು ತರಗತಿಗೂ ಆದಷ್ಟು ಬೇಗ ಹೆಸರು ಬರೆಸಿ. ಕಾಲುವೆಗಳೇ ತುಂಬಿದ ಈ ದೇಶದಲ್ಲಿ ಎ, ಬಿ, ಸಿ ಈಜು ಡಿಪ್ಲೊಮಾ ಅಕ್ಷರಾಭ್ಯಾಸದಷ್ಟೇ ಮುಖ್ಯ.

ಕಾರ್ಖಾನೆಯ ಬಗ್ಗೆಯೂ ಮುಚ್ಚಿಡದೆ ಹೇಳಬೇಕು. ಚಿಮಣಿಗಳು ಊರಿನ ಬೆನ್ನಿಗೇ ಇವೆ. 2021ರಲ್ಲಿ ಇಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಆರ್‌ಐವಿಎಂ, ಈ ಭಾಗದ ಧೂಳಿನಲ್ಲಿರುವ ಸೀಸ ಮತ್ತಿತರ ವಸ್ತುಗಳ ಪ್ರಮಾಣ ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ ಎಂದು ವರದಿ ಕೊಟ್ಟಿತ್ತು. ಹೋಗಿ ಬರುವವರಿಗಿಂತ ಅಲ್ಲೇ ಮಕ್ಕಳನ್ನು ಬೆಳೆಸುವವರಿಗೆ ಇದು ದೊಡ್ಡ ಪ್ರಶ್ನೆ. ಅವರ ಸಿಟ್ಟಿಗೆ ಕಾರಣವಿದೆ. ಟಾಟಾ ನಮ್ಮ ದೇಶದ ಕಂಪನಿ ಎಂಬ ಅಭಿಮಾನದಲ್ಲಿ ಅವರ ಮಾತನ್ನು ತಳ್ಳಿಹಾಕಬೇಡಿ. ನೀವು ಮಾಡಬೇಕಾದದ್ದು ಇಷ್ಟೇ: ತಿಂಡಿಗೆ ಮೊದಲು ಮಕ್ಕಳ ಕೈ ಚೆನ್ನಾಗಿ ತೊಳೆಸಿ.

ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ, ಅದೂ ನಮ್ಮ ಕರಾವಳಿಯ ಹಾಗೆ ನೇರ ಕಡಲಿಗೆ. ಊಟ ಮುಗಿಸಿಕೊಂಡೇ ಹೋಗಬಹುದು.

ನನಗೆ ಅತಿ ಇಷ್ಟ ಸೆಪ್ಟೆಂಬರ್. ಜನ ಕಡಿಮೆ, ನೀರಿನಲ್ಲಿ ಆಗಸ್ಟಿನ ಬಿಸುಪು ಉಳಿದಿರುತ್ತದೆ, ಮರಳದಿಬ್ಬಗಳ ಪೊದೆಗಳಲ್ಲಿ ದೌನ್‌ಡೋರ್ನ್ ಕಿತ್ತಳೆ ಹಣ್ಣು ತುಂಬಿಕೊಳ್ಳುತ್ತದೆ. ಊರಿನ ಉತ್ತರಕ್ಕೆ ಹಬ್ಬಿರುವ ಈ ದಿಬ್ಬಗಳ ಕಾಡನ್ನು ನೋಡಿಕೊಳ್ಳುವುದು ಪಿಡಬ್ಲ್ಯುಎನ್ ಎಂಬ ಕುಡಿಯುವ ನೀರಿನ ಕಂಪನಿ. ಒಳಗೆ ನಡೆಯಲು ಟಿಕೆಟ್ ಬೇಕು, ವರ್ಷದ ಕಾರ್ಡೂ ಇದೆ. ಪದೇಪದೇ ಹೋಗುವವರು ಅದನ್ನೇ ಮಾಡಿಸಿಕೊಳ್ಳಿ. ದಿಬ್ಬದ ಮೇಲಿನ ಹೆಲ್ಮ್ ಹುಲ್ಲು ತುಳಿಯಬೇಡಿ, ಮರಳನ್ನು ಹಿಡಿದು ನಿಲ್ಲಿಸುವುದು ಅದರ ಬೇರು, ಮತ್ತು ಆ ದಿಬ್ಬವೇ ಕಡಲಿಗೆ ಅಡ್ಡ ನಿಂತ ಗೋಡೆ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದೂವರೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಒಂದರೊಳಗೆ ತೀರಕ್ಕೆ ತಲುಪುವ ಹಾಗೆ ಹೊರಡಿ, ಬೇವರ್‌ವೈಕ್‌ಗೆ ವಾಪಸು ಬಸ್ ಎಷ್ಟು ಹೊತ್ತಿಗಿದೆ ಎಂದು ಮನೆಯಲ್ಲೇ ನೋಡಿಕೊಳ್ಳಿ.