ಒದ್ದೆ ಕಾರ್ಪೆಟ್‌ನಿಂದ ಹಿಂದಕ್ಕೆ: ನನ್ನ ಎಂಎಕ್ಸ್-5ರಲ್ಲಿ ನೀರಿನ ದಾರಿ ಹುಡುಕಿದ್ದು

ಬಟ್ಟೆ ಟಾಪಿನ ಕಾರಿನೊಳಗೆ ನೀರು ಕಂಡರೆ ಎಲ್ಲರ ಅನುಮಾನವೂ ಮೊದಲು ಟಾಪಿನ ಮೇಲೇ ಹೋಗುತ್ತದೆ. ಬಟ್ಟೆ ಹಳೆಯದಾಯಿತು, ಹೊಸದು ಹಾಕಿಸು ಅನ್ನುತ್ತಾರೆ. ಅದು ದೊಡ್ಡ ಖರ್ಚು. ನನ್ನ ಕಾರಿನಲ್ಲಿ ಬಟ್ಟೆಗೆ ಏನೂ ಆಗಿರಲಿಲ್ಲ. ನೀರು ಬೇರೆ ಮೂರು ಕಡೆಯಿಂದ ಬರುತ್ತಿತ್ತು. ಅದನ್ನು ಹೇಗೆ ಹುಡುಕಿದೆ, ಹೇಗೆ ಸರಿಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 2001ರ ಮಾಜ್ದಾ ಎಂಎಕ್ಸ್-5. ಎರಡು ಸೀಟು, ಹಿಂದಿನ ಚಕ್ರಕ್ಕೆ ಎಳೆತ, ಕೈಯಲ್ಲೇ ಮಡಚುವ ಟಾಪ್. ಈ ಮಾದರಿ ಮೊದಲು ಕಂಡದ್ದು 1989ರ ಶಿಕಾಗೋ ಆಟೋ ಶೋನಲ್ಲಿ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ನನ್ನದು ಎರಡನೇ ತಲೆಮಾರಿನದು, ಹಿಂದಿನ ಕಿಟಕಿ ಗಾಜಿನದು. ನಾನಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ. ಕಾರು ನಿಲ್ಲುವುದು ಬೀದಿಯಲ್ಲಿ, ದೊಡ್ಡದೊಂದು ಸಿಕಮೋರ್ ಮರದ ಕೆಳಗೆ. ಈ ಮರ ನೆನಪಿರಲಿ, ಮುಂದೆ ಬರುತ್ತದೆ.

ಚಳಿಗಾಲದಲ್ಲಿ ಗಾಜಿನ ಒಳಮೈ ಮಂಜು ಹಿಡಿಯಲು ಶುರುವಾಯಿತು. ಎಷ್ಟು ಒರೆಸಿದರೂ ಬೆಳಿಗ್ಗೆ ಮತ್ತೆ ಅಷ್ಟೇ. ಆಮೇಲೆ ಮುಗ್ಗಲು ವಾಸನೆ. ಕಾರ್ಪೆಟ್ ಮುಟ್ಟಿ ನೋಡಿದರೆ ಒಣಗಿಯೇ ಇತ್ತು. ಆದರೆ ಅದರ ಮೇಲೆ ಹಳೇ ಪೇಪರ್ ಹಾಸಿ, ಅಂಗೈಯಿಂದ ಬಲವಾಗಿ ಒತ್ತಿದಾಗ ಪೇಪರ್ ತೊಯ್ದಿತು. ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಇರುತ್ತದೆ. ಅದು ಲೀಟರ್‌ಗಟ್ಟಲೆ ನೀರು ಕುಡಿದುಕೊಂಡು ಸುಮ್ನೆ ಕೂತಿರುತ್ತದೆ. ಹಾಗಾಗಿ ಮೇಲ್ಮೈ ಒಣಗಿದೆ ಅಂತ ಸಮಾಧಾನಪಡಬೇಡಿ.

ಯಾವ ನೀರು ಅಂತ ಮೊದಲು ತಿಳಿಯಬೇಕು. ಇದಕ್ಕೆ ಜಾಸ್ತಿ ಹೊತ್ತು ಬೇಡ. ಹೀಟರ್ ಸೋರುತ್ತಿದ್ದರೆ ಬರುವುದು ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಅದಕ್ಕೆ ಬಣ್ಣ ಇರುತ್ತದೆ, ಸಿಹಿ ವಾಸನೆ ಇರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ, ಗಾಜಿನ ಮೇಲೂ ಎಣ್ಣೆ ಸವರಿದ ಹಾಗೆ ಪೊರೆ ಕಟ್ಟುತ್ತದೆ. ಅದು ವಿಷ, ನಾಲಿಗೆಗೆ ಹಚ್ಚಿ ನೋಡಬೇಡಿ. ಏಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದ್ದರೆ ಏಸಿ ಓಡಿಸಿದ ದಿನ ಮಾತ್ರ ಒದ್ದೆಯಾಗುತ್ತದೆ. ನನ್ನಲ್ಲಿ ಇದ್ದದ್ದು ಮಳೆ ಬಂದ ಮೇಲೆ ಹೆಚ್ಚಾಗುವ, ಬಣ್ಣ ಜಿಡ್ಡು ಏನೂ ಇಲ್ಲದ ನೀರು. ಮಳೆಯದೇ ಅಂತ ಗಟ್ಟಿಯಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹಳ ಜನ ಇಲ್ಲಿ ಸಿಲಿಕಾನ್ ಸೀಲಂಟ್ ಟ್ಯೂಬ್ ಹಿಡಿದು ಕಂಡ ಕಂಡ ಸಂದಿಗೆಲ್ಲ ಹಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಕಾರನ್ನು ನೀರು ಒಳಗೇ ಬರಬಾರದು ಅಂತ ಕಟ್ಟಿರುವುದಿಲ್ಲ. ನೀರು ಬಂದೇ ಬರುತ್ತದೆ, ಅದಕ್ಕೊಂದು ದಾರಿ ಕೊಟ್ಟು ಹೊರಗೆ ಕಳಿಸೋಣ ಅಂತ ಕಟ್ಟಿರುತ್ತಾರೆ. ಟಾಪಿನ ಹಿಂದಿನ ಅಂಚಿನಲ್ಲಿ ಇಳಿಯುವ ನೀರನ್ನು ಒಳಗಡೆ ಒಂದು ಪ್ಲಾಸ್ಟಿಕ್ ದೋಣಿ, ಅಂದರೆ ಸೂರಿನ ನೀರು ಹಿಡಿಯುವಂಥ ಕಾಲುವೆ, ಹಿಡಿಯುತ್ತದೆ. ದೋಣಿಯಿಂದ ಸೀಟ್ ಬೆಲ್ಟ್ ಕಂಬಗಳ ಹತ್ತಿರ ಇರುವ ಎರಡು ತೂತಿಗೆ ಹೋಗುತ್ತದೆ. ಅಲ್ಲಿಂದ ಪೈಪಿನಲ್ಲಿ ಇಳಿದು ಹಿಂದಿನ ಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳುತ್ತದೆ. ಬಾಗಿಲೂ ಹಾಗೇ. ಗಾಜಿನ ಮೇಲೆ ಇಳಿದ ನೀರು ಬಾಗಿಲ ಒಳಗೆ ಹೋಗಿ ಅಡಿಯ ತೂತುಗಳಿಂದ ಹೊರಗೆ ಬರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ ನೀರು ಒಳಗೆ ಉಕ್ಕುತ್ತದೆ. ಆಗ ಮೇಲೆ ಎಷ್ಟು ಸೀಲಂಟ್ ಹಚ್ಚಿದರೂ ಉಪಯೋಗವಿಲ್ಲ. ಎಷ್ಟೋ ಸಲ ನೀರು ಹೊರಹೋಗಬೇಕಾದ ತೂತನ್ನೇ ಸೀಲಂಟ್ ಮುಚ್ಚಿಬಿಡುತ್ತದೆ.

ಇನ್ನೊಂದು ತೊಡಕು, ಒದ್ದೆಯಾದ ಜಾಗವೇ ಸೋರುವ ಜಾಗ ಆಗಿರುವುದಿಲ್ಲ. ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಹೆಂಚು ಒಡೆದಿರುವುದು ಒಂದು ಕಡೆ, ನೀರು ರೀಪಿನ ಗುಂಟ ಹರಿದು ಹನಿಯುವುದು ಇನ್ನೊಂದು ಕಡೆ. ಕಾರಿನಲ್ಲಿ ಇದಕ್ಕೆ ಬ್ರೇಕೂ ಸೇರುತ್ತದೆ. ಸೀಟಿನ ಹಿಂದೆ ಇಳಿದ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ಹರಿದು ಕಾಲಿಡುವ ಜಾಗದಲ್ಲಿ ನಿಲ್ಲುತ್ತದೆ. ನೀವು ಮುಂದಿನ ಗಾಜನ್ನು ಅನುಮಾನಿಸುತ್ತಾ ಕೂರುತ್ತೀರಿ.

ಹಾಗಾಗಿ ಒಳಗನ್ನು ಬೋಳು ಮಾಡಿದೆ. ಬ್ಯಾಟರಿ ಕನೆಕ್ಷನ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟೆ. ಏರ್‌ಬ್ಯಾಗ್ ಇರುವ ಯಾವ ಕಾರಿನಲ್ಲೂ ಸೀಟಿಗೆ ಕೈ ಹಾಕುವ ಮೊದಲು ಇದನ್ನು ಮಾಡಲೇಬೇಕು. ಸೀಟಿಗೆ ನಾಲ್ಕು ಬೋಲ್ಟ್, 14ರ ಸ್ಪ್ಯಾನರ್. ಹಳೇ ಕಾರಿನಲ್ಲಿ ಅವು ತುಕ್ಕು ಹಿಡಿದು ಗಟ್ಟಿಯಾಗಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಟ್ಟರೆ ಒಳ್ಳೆಯದು. ಕಾರ್ಪೆಟ್ ಎತ್ತಿ ಫೋಮ್ ಹೊರಗೆ ತೆಗೆದಾಗ ಅದರ ಭಾರ ನೋಡಿ ನಿಜಕ್ಕೂ ಬೇಸರವಾಯಿತು. ನೆಲದ ತಗಡಿನಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ಒಂದನ್ನು ಕಿತ್ತೆ, ನಿಂತ ನೀರು ಹೋಯಿತು. ಉಳಿದದ್ದನ್ನು ಒರೆಸಿ, ತಗಡು ಪೂರ್ತಿ ಒಣಗುವ ತನಕ ಕಾದೆ. ಒಣಗದೆ ಪರೀಕ್ಷೆ ಶುರುಮಾಡಿದರೆ ಹೊಸ ನೀರು ಯಾವುದು, ಹಳೇದು ಯಾವುದು ಗೊತ್ತಾಗುವುದಿಲ್ಲ.

ಒಣಗಿದ ತಗಡಿನ ಮೇಲೆ ಟಾಲ್ಕಮ್ ಪೌಡರ್ ಉದುರಿಸಿದೆ. ಬಾಗಿಲ ಅಂಚಿನ ಕೆಳಗೆ, ಸೀಟಿನ ಹಿಂದಿನ ಗೋಡೆಯ ಬುಡದಲ್ಲಿ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಒಂದೊಂದು ಗೆರೆ. ಒಂದೇ ಹನಿ ಹರಿದರೂ ಪೌಡರಿನಲ್ಲಿ ಅದರ ಜಾಡು ಉಳಿಯುತ್ತದೆ. ನೂರು ವಿಡಿಯೋ ನೋಡುವುದಕ್ಕಿಂತ ಇದೊಂದು ಹೆಚ್ಚು ಹೇಳುತ್ತದೆ.

ನೀರು ಬಿಡಲು ಇಬ್ಬರು ಬೇಕು. ಹಾಸನದ ಕಡೆಯ ಗೆಳೆಯನೊಬ್ಬ ಇಲ್ಲೇ ಹತ್ತಿರ ಇದ್ದಾನೆ. ಅವನು ಟಾರ್ಚ್ ಹಿಡಿದು ಒಳಗೆ ಕೂತ, ನಾನು ಹೊರಗೆ ಹೋಸ್ ಪೈಪ್ ಹಿಡಿದೆ. ನಲ್ಲಿ ಸಣ್ಣಗೆ ತಿರುಗಿಸಿ, ಸುಮ್ನೆ ಹರಿಯುವಷ್ಟೇ ನೀರು. ಪ್ರೆಶರ್ ವಾಷರ್ ಬೇಡವೇ ಬೇಡ. ಅದರ ರಭಸಕ್ಕೆ ಚೆನ್ನಾಗಿರುವ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಸಂದಿಯಲ್ಲೂ ನೀರು ನುಗ್ಗುತ್ತದೆ, ಇಲ್ಲದ ಸೋರಿಕೆಯೂ ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಾಗಿಲ ಕೆಳಭಾಗ, ಆಮೇಲೆ ಕನ್ನಡಿಯ ಬುಡ, ಗಾಜಿನ ಅಂಚು, ಕೊನೆಗೆ ಟಾಪ್. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲದರ ಮೇಲೂ ಇಳಿಯುತ್ತದೆ, ಯಾವುದು ಸೋರಿತು ಅಂತ ಹೇಳಲಾಗುವುದಿಲ್ಲ. ಒಂದೊಂದು ಕಡೆ ಕೆಲವು ನಿಮಿಷ ನಿಲ್ಲಬೇಕು. ಇಲ್ಲಿ ಅವಸರ ಮಾಡುವಂತಿಲ್ಲ.

ಬಾಗಿಲಿಗೆ ನೀರು ಬಿಟ್ಟಾಗಲೇ ಎಡಗಡೆ ಪೌಡರಿನಲ್ಲಿ ಗೆರೆ ಮೂಡಿತು. ಡೋರ್ ಪ್ಯಾಡ್ ಬಿಚ್ಚಿದೆ. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಾಗಿಲೊಳಗೆ ಇಳಿಯುವ ನೀರು ಒಳಮುಖಕ್ಕೆ ಬಾರದಂತೆ ತಡೆಯುವುದು ಅದೇ. ಹಿಂದೆ ಯಾರೋ ಸ್ಪೀಕರ್ ಬದಲಿಸುವಾಗ ಹಾಳೆಯನ್ನು ಕೆಳಗಡೆ ಕುಯ್ದು ಹಾಗೇ ಬಿಟ್ಟಿದ್ದರು. ನಾನು ದಪ್ಪ ಪಾಲಿಥೀನ್ ಹಾಳೆ ಕತ್ತರಿಸಿ, ಬ್ಯೂಟೈಲ್ ಟೇಪಿನಿಂದ (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಸುತ್ತ ಅಂಟಿಸಿದೆ. ಬ್ಯೂಟೈಲ್ ಒಣಗಿ ಗಟ್ಟಿಯಾಗುವುದಿಲ್ಲ, ಮುಂದೆ ಬಿಚ್ಚಬೇಕಾದರೂ ಸುಲಭ. ಹಾಳೆಯ ಕೆಳತುದಿ ಬಾಗಿಲೊಳಗೆ ಸೇರಿರಬೇಕು. ಹೊರಗೆ ಬಂದರೆ ನೀರು ಅದರ ಮೇಲೇ ಹರಿದು ಕಾರೊಳಗೆ ಬರುತ್ತದೆ. ಜೊತೆಗೆ ಬಾಗಿಲಡಿಯ ತೂತುಗಳನ್ನೂ ಕೆದಕಿದೆ. ಬಾಗಿಲು ಹಾಕುವಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಆ ತೂತು ಮುಚ್ಚಿದೆ ಅಂತಲೇ ಅರ್ಥ.

ದೊಡ್ಡ ಸೋರಿಕೆ ಸಿಕ್ಕಿದ್ದು ಟಾಪಿನ ಹಿಂದಿನ ಅಂಚಿಗೆ ಹೋದಾಗ. "ಬಂತು ನೋಡೋ, ಸೀಟಿನ ಹಿಂದಿನಿಂದ ಬರ್ತಾ ಇದೆ, ನಲ್ಲಿ ನಿಲ್ಲಿಸು" ಅಂದ ಗೆಳೆಯ. ಬಲಗಡೆ ಡ್ರೇನ್ ತೂತಿಗೆ ಬಾಟಲಿಯಿಂದ ನಿಧಾನವಾಗಿ ನೀರು ಹಾಕಿದೆ. ಹಿಂದಿನ ಚಕ್ರದ ಮುಂದೆ ಒಂದು ತೊಟ್ಟೂ ಬೀಳಲಿಲ್ಲ. ನೀರು ಮೇಲಕ್ಕೇ ಉಕ್ಕಿ ಒಳಗಿನ ಗೋಡೆಯ ಮೇಲೆ ಇಳಿಯಿತು. ಎಡಗಡೆ ಹಾಕಿದ್ದು ಮಾತ್ರ ಸಲೀಸಾಗಿ ಹೊರಗೆ ಬಂತು.

ಇದನ್ನು ಬಿಡಿಸುವಾಗ ತಾಳ್ಮೆ ಬೇಕು. ಪೈಪಿನ ಕೆಳತುದಿಯಲ್ಲಿ ಕಿರಿದಾದ ರಬ್ಬರ್ ಬಾಯಿ ಇರುತ್ತದೆ, ಕಸ ಕೂರುವುದು ಅಲ್ಲೇ ಜಾಸ್ತಿ. ಗಟ್ಟಿ ಕಂಬಿ ತಳ್ಳಿದರೆ ಪೈಪ್ ತೂತಾಗಬಹುದು, ಇಲ್ಲವೇ ಜಾಯಿಂಟಿನಿಂದ ಕಳಚಬಹುದು. ಕಂಪ್ರೆಸರ್ ಗಾಳಿ ಬಿಟ್ಟರೂ ಅದೇ ಅಪಾಯ. ಕಳಚಿದರೆ ನೀರೆಲ್ಲ ಕಾರೊಳಗೇ ಹೋಗುತ್ತದೆ, ಈಗಿನದ್ದಕ್ಕಿಂತ ದೊಡ್ಡ ರಗಳೆ. ನಾನು ಬಳಸಿದ್ದು ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ. ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿಕೊಂಡು, ತಿರುಗಿಸುತ್ತಾ ಇಳಿಸಿದೆ. ಕೆಳಗಿನಿಂದ ರಬ್ಬರ್ ಬಾಯಿಯನ್ನು ಬೆರಳಲ್ಲಿ ಹಿಸುಕಿದೆ. ನಡುನಡುವೆ ಬಿಸಿನೀರು. ಸಿಕಮೋರ್ ಎಲೆ ಕೊಳೆತ ಕಪ್ಪು ಕೆಸರು, ಬೀಜದ ರೆಕ್ಕೆ, ಟಾಪಿನ ದಾರದ ಎಳೆ ಎಲ್ಲ ಬಂತು. ಕೊನೆಗೆ ಬಾಟಲಿಯ ನೀರು ಹಾಕಿದ ಹಾಗೇ ಕೆಳಗೆ ಸುರಿಯಿತು. ಆ ಖುಷಿ ಈಗಲೂ ನೆನಪಿದೆ. ಕೆಸರೆಲ್ಲ ಹೋದ ಮೇಲೆ ಪ್ಲಾಸ್ಟಿಕ್ ದೋಣಿಯಲ್ಲಿ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಅದನ್ನು ಬದಲಿಸದೆ ಬೇರೆ ದಾರಿ ಇರಲಿಲ್ಲ.

ಈ ಡ್ರೇನ್ ವಿಷಯ ಒದ್ದೆ ಕಾರ್ಪೆಟ್‌ಗೇ ಮುಗಿಯುವುದಿಲ್ಲ. ಅದರ ಹತ್ತಿರವೇ ಇರುವ ಸಿಲ್, ಅಂದರೆ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ತೇವ ನಿಂತರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇಲ್ಲಿ ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಇದೆ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ಕಡ್ಡಾಯ ತಪಾಸಣೆ. ಸೀಟ್ ಬೆಲ್ಟ್ ಬಿಗಿದಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕಿನಿಂದ ಲೋಹದ ಬಲ ತುಂಬಾ ಕಡಿಮೆಯಾಗಿದ್ದರೆ ಕಾರು ಫೇಲ್. ಒಳ್ಳೊಳ್ಳೆಯ ಹಳೇ ಕಾರುಗಳು ಒಂದು ಹಿಡಿ ಎಲೆಯಿಂದ ಗುಜರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನನ್ನ ಕಾರಿನಲ್ಲಿ ಮೇಲ್ಮೈ ತುಕ್ಕು ಮಾತ್ರ ಇತ್ತು. ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಸಿಲ್ ಒಳಗೆ ವ್ಯಾಕ್ಸ್ ಸ್ಪ್ರೇ ಮಾಡಿದೆ. ವ್ಯಾಕ್ಸ್ ಹೊಡೆದ ಮೇಲೆ ಡ್ರೇನ್ ತೂತುಗಳನ್ನು ಮತ್ತೆ ನೋಡಬೇಕು, ಅದೇ ಅಲ್ಲಿ ಕೂತು ಮುಚ್ಚಬಹುದು.

ಮೂರನೆಯದು ಸಣ್ಣದು. ಮುಂದಿನ ಗಾಜಿನ ಮೇಲ್ಮೂಲೆಯಿಂದ ತಿರುವಿನಲ್ಲಿ ಮೊಣಕಾಲ ಮೇಲೆ ಹನಿ ಬೀಳುತ್ತಿತ್ತು. ಬೀಡಿಂಗ್ ಹರಿದಿರಲಿಲ್ಲ, ಒತ್ತಿಕೊಂಡು ಚಪ್ಪಟೆಯಾಗಿತ್ತು. ಒಂದು ಚೂರು ಕಾಗದ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಜಾರಿ ಬಂದರೆ ಅಲ್ಲಿ ಸಂದಿ ಇದೆ. ಹೀಗೆ ಸುತ್ತಲೂ ನೋಡುತ್ತಾ ಬಂದೆ. ಟಾಪನ್ನು ಗಾಜಿನ ಚೌಕಟ್ಟಿಗೆ ಹಿಡಿಯುವ ಕೊಕ್ಕೆಗಳನ್ನು ತಿರುಗಿಸಿ ಬಿಗಿ ಹೊಂದಿಸಬಹುದು. ಸ್ವಲ್ಪ ಬಿಗಿ ಮಾಡಿದೆ. ಬೀಡಿಂಗ್ ಹಿಂದೆ ತೆಳು ಫೋಮ್ ಪಟ್ಟಿ ಇಟ್ಟೆ, ನೀರು ಕುಡಿಯದ ಜಾತಿಯದು. ರಬ್ಬರಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿದೆ. ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಡಿಕ್ಕಿಯನ್ನೂ ಮರೆಯಬೇಡಿ. ಈ ಮಾದರಿಯಲ್ಲಿ ಬ್ಯಾಟರಿ ಇರುವುದು ಅಲ್ಲೇ. ಹಿಂದಿನ ಲೈಟುಗಳ ಗ್ಯಾಸ್ಕೆಟ್, ಮುಚ್ಚಳದ ಮೇಲಿನ ಬ್ರೇಕ್ ಲೈಟ್, ಆಂಟೆನಾ ಬುಡ, ಈ ಮೂರು ನೋಡಿದರೆ ಸಾಕು.

ಫೋಮ್ ಒಣಗಿಸುವುದೇ ನಿಧಾನದ ಕೆಲಸ. ವೆಟ್ ವ್ಯಾಕ್ಯೂಮ್‌ನಿಂದ ಹೀರಿ, ಮನೆಯೊಳಗೆ ನಿಲ್ಲಿಸಿ, ಫ್ಯಾನ್ ಮತ್ತು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಿದೆ. ಚಳಿಯ ಗ್ಯಾರೇಜಿನಲ್ಲಿ ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿಗೆ ಡೆಸಿಕಂಟ್ ಮಾದರಿಯದು, ಅಂದರೆ ತೇವ ಹೀರುವ ವಸ್ತು ಬಳಸುವಂಥದ್ದು, ಬೇಕು. ಬೂಸ್ಟು ಹಿಡಿದ ಕಡೆ ನೀರು ಬೆರೆಸಿದ ವಿನೆಗರ್ ಸಾಕಾಯಿತು. ಒದ್ದೆಯಾಗಿದ್ದ ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಇತ್ತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೋರ್ಷೆಯ ಮೊದಲ ಬಾಕ್ಸ್‌ಸ್ಟರ್‌ನಲ್ಲಿ ಅಲಾರಂ ಕಂಟ್ರೋಲ್ ಯೂನಿಟ್ ಇರುವುದು ಸೀಟಿನ ಕೆಳಗೆ. ಅಲ್ಲಿ ನೀರು ನಿಂತರೆ ಕಾರು ಸ್ಟಾರ್ಟೇ ಆಗದಿರಬಹುದು. ಅಂಥ ಕಾರಿನ ನೆಲ ಒದ್ದೆ ಇದ್ದರೆ ಇಗ್ನಿಷನ್ ಮುಟ್ಟದೆ ಮೊದಲು ಬ್ಯಾಟರಿ ಬಿಚ್ಚಿ.

ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಾರಿನ ಛಾವಣಿಯ ಬಟ್ಟೆ ಮೂಲೆಯಲ್ಲಿ ಕಲೆ ಬಿದ್ದಿದೆ ಅಂತ ಫೋನ್ ಮಾಡಿದ್ದ. "ಅಣ್ಣಾ, ಸನ್‌ರೂಫ್ ರಬ್ಬರ್ ಬದಲಿಸಬೇಕಂತೆ" ಅಂದ. ಅದಕ್ಕೂ ಇದೇ ಲೆಕ್ಕ ಅಲ್ವಾ? ಸನ್‌ರೂಫ್ ಸುತ್ತ ಒಂದು ದೋಣಿ, ಮೂಲೆಗಳಿಂದ ಕಂಬದೊಳಗೆ ಇಳಿಯುವ ಪೈಪು. ಸನ್‌ರೂಫ್ ತೆರೆದು ಮೂಲೆಯ ತೂತಿಗೆ ಒಂದು ಲೋಟ ನೀರು ನಿಧಾನವಾಗಿ ಹಾಕಿ, ಚಕ್ರದ ಹತ್ತಿರ ಬೀಳುತ್ತದಾ ನೋಡು ಅಂದೆ. ಮರದ ಕೆಳಗೆ ಕಾರು ನಿಲ್ಲಿಸುವವರು ಮುಂಗಾರಿಗೆ ಮೊದಲು ಇದೊಂದು ಮಾಡಿಕೊಂಡರೆ ಸಾಕು. ನಾನು ಇಲ್ಲಿ ನವೆಂಬರಿನಲ್ಲಿ, ಎಲೆ ಪೂರ್ತಿ ಉದುರಿದ ಮೇಲೆ, ಎರಡೂ ಕಡೆ ಬಾಟಲಿ ನೀರು ಹಾಕಿ ನೋಡುತ್ತೇನೆ. ಗಾಜಿನ ಬುಡದ ಜಾಲರಿಯಲ್ಲಿ ಸೇರಿದ ಎಲೆಯನ್ನೂ ಅದೇ ದಿನ ಕೈಯಿಂದ ತೆಗೆಯುತ್ತೇನೆ.