ಈಡಿಸ್ ಸೊಳ್ಳೆ ಹಿಡಿದು ವೈರಸ್ ಪರೀಕ್ಷೆಗೆ ಕಳಿಸುವ ಬಗೆ: ಶಿಡ್ಲಘಟ್ಟ ಸೀಮೆಯ ತಂಡಗಳಿಗೆ

2023ರ ಆಗಸ್ಟ್‌ನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜಿಕಾ ವೈರಸ್ ಇರುವುದು ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಜಿಕಾ ತಗುಲಿದ ಐವರಲ್ಲಿ ಸುಮಾರು ನಾಲ್ವರಿಗೆ ರೋಗಲಕ್ಷಣವೇ ಕಾಣುವುದಿಲ್ಲ, ಆದರೆ ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೇ ಪೆಟ್ಟು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುತ್ತಾ ಕೂತರೆ ಇದು ಕೈಗೆ ಸಿಗದು. ಸೊಳ್ಳೆಯನ್ನೇ ಹಿಡಿದು ನೋಡಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಸೊಳ್ಳೆ ತುಂಬಿದ ಕೊಳವೆಯ ಚೀಟಿ ತಪ್ಪಿದ್ದರೆ ಅಥವಾ ದಾರಿಯಲ್ಲಿ ಮಂಜುಗಡ್ಡೆ ಕರಗಿದ್ದರೆ ಅದು ಏನೂ ಹೇಳಲಾರದು. ಕೆಲಸ ಕೆಡುವುದು ಹೆಚ್ಚಾಗಿ ಈ ಎರಡು ಕಡೆಯೇ.

ಯಾವ ನೀರು ನೋಡಬೇಕು

ಕೆರೆ, ಚರಂಡಿ ಬಿಡಿ. ಜಿಕಾ, ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಮೊಟ್ಟೆ ಇಡುವುದು ಮನೆಯೊಳಗೆ, ಮನೆ ಸುತ್ತ ನಿಂತ ನೀರಿನಲ್ಲಿ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಲ್ಲಿ, ಟ್ಯಾಂಕರ್ ನಂಬಿದ ಊರಲ್ಲಿ ಡ್ರಮ್ಮು, ಸಂಪು, ಸಿಮೆಂಟ್ ತೊಟ್ಟಿ, ದನದ ಕಲ್ಲುಬಾನಿ ಮೊದಲು ನೋಡಿ. ಆಮೇಲೆ ಒರಳುಕಲ್ಲು, ಟೈರು, ತೆಂಗಿನ ಚಿಪ್ಪು, ಫ್ರಿಜ್ ಹಿಂದಿನ ತಟ್ಟೆ.

ನಮ್ಮ ಕಡೆ ಎಲ್ಲರ ಕಣ್ಣು ತಪ್ಪುವ ಜಾಗ ರೇಷ್ಮೆ ಹುಳು ಮನೆ. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಿರುತ್ತಾರೆ. ನೆರಳು, ಕದಲದ ನೀರು, ಒಳಗೆ ಬಿದ್ದ ಸೊಪ್ಪಿನ ಚೂರು: ಸೊಳ್ಳೆಗೆ ಇನ್ನೇನು ಬೇಕು? ಬಗ್ಗಿ ಟಾರ್ಚ್ ಬಿಡಿ. ಬೆಳಕು ಬಿದ್ದ ಕೂಡಲೇ ಹಾವಿನಂತೆ ನುಲಿಯುತ್ತಾ ತಳಕ್ಕೆ ಇಳಿದರೆ, ಮೇಲೆ ಬಂದಾಗ ಗಿಡ್ಡ ಉಸಿರುಗೊಳವೆ ನೀರಿಗೆ ಹಚ್ಚಿ ತಲೆಕೆಳಗಾಗಿ ತೂಗಿದರೆ ಅದು ಈಡಿಸ್ ಮರಿ. ಉಸಿರುಗೊಳವೆ ಉದ್ದವಾಗಿ, ಸಪೂರವಾಗಿ ಇದ್ದರೆ ಕ್ಯೂಲೆಕ್ಸ್. ನೀರಿನ ಮೇಲ್ಮೈಗೆ ಸಮವಾಗಿ ಅಡ್ಡಡ್ಡ ಮಲಗಿದ್ದರೆ ಮಲೇರಿಯಾ ಹರಡುವ ಅನಾಫಿಲಿಸ್ ಗುಂಪಿನದು.

ಬಟ್ಟಲು, ಡ್ರಮ್ಮುಗಳ ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆ ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯದು, ಮತ್ತೆ ನೀರು ತುಂಬಿದೊಡನೆ ಒಡೆಯುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರು ಹಾಕಿ ಗಸಗಸ ತಿಕ್ಕಿಸಿ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಬೇಕು, ಅದಕ್ಕೇ ಈ ವಾರದ ಲೆಕ್ಕ.

ಲೆಕ್ಕ

ಒಂದು ಬಡಾವಣೆಯಲ್ಲಿ 50 ಮನೆ ನೋಡಿದಿರಿ, ನೀರಿದ್ದ 180 ಪಾತ್ರೆ ಸಿಕ್ಕವು, 6 ಮನೆಗಳ 9 ಪಾತ್ರೆಗಳಲ್ಲಿ ಮರಿ ಇತ್ತು ಅನ್ನಿ. ಮನೆ ಸೂಚ್ಯಂಕ, ಅಂದರೆ 100 ಮನೆಗಳಲ್ಲಿ ಮರಿ ಇರುವ ಮನೆಗಳ ಸಂಖ್ಯೆ, 12; ಪಾತ್ರೆ ಸೂಚ್ಯಂಕ, ಅಂದರೆ 100 ಪಾತ್ರೆಗಳಲ್ಲಿ ಮರಿ ಇರುವವು, 5; ಬ್ರೆಟೊ ಸೂಚ್ಯಂಕ, ಅಂದರೆ 100 ಮನೆಗೆ ಮರಿ ಇರುವ ಪಾತ್ರೆಗಳ ಸಂಖ್ಯೆ, 18. ಮನೆ ಸೂಚ್ಯಂಕ 10 ದಾಟಿದರೆ ತಡಮಾಡಬೇಡಿ. ಮರಿ ಸಿಗದ ಮನೆಯನ್ನೂ ಬರೆಯಲೇಬೇಕು. ಬೀಗ ಹಾಕಿದ ಮನೆಯನ್ನು ‘ಮರಿ ಇಲ್ಲ’ ಎಂದು ಬರೆದುಕೊಳ್ಳುವುದು ದೊಡ್ಡ ತಪ್ಪು. ಅದನ್ನು ‘ಬೀಗ’ ಎಂದೇ ಬರೆದು ಸಂಜೆ ಮತ್ತೆ ಹೋಗಿ. ಈ ಸೀಮೆಯಲ್ಲಿ ಮನೆಮಾತು ತೆಲುಗು ಇರುವವರು ಬಹಳ. ಬಾಗಿಲಲ್ಲಿ ನಿಂತು ‘ಅಮ್ಮಾ, ದೋಮಲು’ (ಸೊಳ್ಳೆಗಳು) ಎಂದು ಮಾತು ತೆಗೆದರೆ ಒಳಗಿನ ತೊಟ್ಟಿಯನ್ನೂ ಅವರೇ ತೋರಿಸುತ್ತಾರೆ.

ದೊಡ್ಡ ಸೊಳ್ಳೆ ಹಿಡಿಯುವುದು

ಈಡಿಸ್ ಹಗಲು ಕಚ್ಚುವ ಸೊಳ್ಳೆ. ಬೆಳಗ್ಗೆ ಮತ್ತು ಸಂಜೆ ನಾಲ್ಕರಿಂದ ಕತ್ತಲಾಗುವ ತನಕ ಹಿಡಿಯಿರಿ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಗಳ ಹಿಂದೆ, ಕತ್ತಲೆ ಮೂಲೆಯಲ್ಲಿ ಕೂತಿರುತ್ತದೆ. ಟಾರ್ಚ್ ಮತ್ತು ಸೊಳ್ಳೆಯನ್ನು ಗಾಳಿಯೊಡನೆ ಎಳೆದುಕೊಳ್ಳುವ ಬ್ಯಾಟರಿ ಆಸ್ಪಿರೇಟರ್ ಸಾಕು. ಬಾಯಿಂದ ಎಳೆಯುವ ಕೊಳವೆ ಬಳಸುವುದಾದರೆ ಸೋಸುವ ಜಾಲರಿ ಇಲ್ಲದೆ ಬೇಡ. ಪ್ರತಿ ಮನೆಗೂ ಒಂದೇ ಹೊತ್ತು, 10 ನಿಮಿಷ ಕೊಡಿ. ಇಲ್ಲದಿದ್ದರೆ ಒಂದು ಊರಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಸೊಳ್ಳೆಗಳನ್ನು ಜೀವಂತವಾಗಿಯೇ ಕೇಂದ್ರಕ್ಕೆ ತನ್ನಿ, ಮೇಲೆ ಒದ್ದೆ ಬಟ್ಟೆ ಹೊದಿಸಿ. ಸೊಳ್ಳೆ ಸತ್ತು ಒಣಗಿ ಬಹಳ ಹೊತ್ತಾದರೆ ಅದರಲ್ಲಿನ ವೈರಸ್ ಹಾಳಾಗತೊಡಗುತ್ತದೆ. ತಣ್ಣಗಿಟ್ಟು ಜೋಮು ಹಿಡಿಸಿ, ತಂಪು ತಟ್ಟೆಯ ಮೇಲೆ ಲೆನ್ಸ್ ಹಿಡಿದು ನೋಡಿ: ಬೆನ್ನ ಮೇಲೆ ವೀಣೆಯ ಅಂಚಿನಂಥ ಬಿಳಿ ಬಾಗು ಗೆರೆಗಳಿದ್ದರೆ ಈಜಿಪ್ಟೈ, ನಡುವೆ ಒಂದೇ ನೇರ ಬಿಳಿ ಗೆರೆ ಇದ್ದರೆ ಈಡಿಸ್‌ನ ಇನ್ನೊಂದು ಜಾತಿ ಆಲ್ಬೊಪಿಕ್ಟಸ್. ಎರಡನ್ನೂ ಬೆರೆಸಬೇಡಿ. 2005-06ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಚಿಕೂನ್‌ಗುನ್ಯಾ ವೈರಸ್ ಒಂದೇ ಒಂದು ರೂಪಾಂತರದಿಂದ ಆಲ್ಬೊಪಿಕ್ಟಸ್‌ಗೆ ಒಗ್ಗಿಕೊಂಡಿತು. ಜಾತಿ ಬೆರೆತ ಕೊಳವೆಯಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ.

ಕೊಳವೆ, ಚೀಟಿ, ತಂಪು

ಒಂದು ಕೊಳವೆಗೆ ಒಂದೇ ಜಾತಿ, ಒಂದೇ ಲಿಂಗ, ಒಂದೇ ಜಾಗ, ಒಂದೇ ದಿನದ ಸೊಳ್ಳೆ, 25ಕ್ಕಿಂತ ಹೆಚ್ಚು ಬೇಡ. ಹೊಟ್ಟೆ ಕೆಂಪಗಿರುವ ಹೆಣ್ಣುಗಳನ್ನು ಬೇರೆ ಇಡಿ. ಅವುಗಳಲ್ಲಿ ಕಂಡ ವೈರಸ್ ಆಗತಾನೇ ಕಚ್ಚಿದ ಮನುಷ್ಯನ ರಕ್ತದ್ದಾಗಿರಬಹುದು, ಸೊಳ್ಳೆಯಲ್ಲಿ ಬೆಳೆದದ್ದಲ್ಲ. ಗಂಡು ಸೊಳ್ಳೆ ಬಿಸಾಡಬೇಡಿ. ರಕ್ತ ಕುಡಿಯದ ಗಂಡಿನಲ್ಲಿ ವೈರಸ್ ಸಿಕ್ಕರೆ ಅದು ತಾಯಿಯಿಂದ ಮೊಟ್ಟೆಗೆ ದಾಟಿದೆ ಎಂಬ ಸುಳಿವು.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಶಾಯಿ ಹನಿ ಬಿದ್ದರೆ ಕಲಸಿಹೋಗುತ್ತದೆ. ಊರು, ಜಿಪಿಎಸ್ ಅಂಕಿ, ತಾರೀಖು, ಹೊತ್ತು, ಜಾತಿ, ಲಿಂಗ, ಸಂಖ್ಯೆ, ಒಳಗೋ ಹೊರಗೋ, ಹಿಡಿದವರ ಗುರುತು. ‘ಶಿಡ್ಲಘಟ್ಟ’ ಎಂದಷ್ಟೇ ಬರೆದರೆ ಸುತ್ತಲಿನ ನೂರಾರು ಹಳ್ಳಿಗಳಲ್ಲಿ ಯಾವುದಕ್ಕೆ ಹೋಗುವುದು?

ಸಾಮಾನ್ಯ ಮಂಜುಗಡ್ಡೆ ಕೆಲವು ಗಂಟೆಗಷ್ಟೇ. ದೂರ ಕಳಿಸಲು ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಅಥವಾ ದ್ರವ ಸಾರಜನಕ ಬೇಕು, ಕಾಯ್ದಿಡಲು ಮೈನಸ್ 80 ಡಿಗ್ರಿ. ಡ್ರೈ ಐಸ್ ಇರುವ ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿಯಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಮಾದರಿ ಹೋದಂತೆಯೇ.

20 ಕೊಳವೆ, ಒಟ್ಟು 500 ಸೊಳ್ಳೆ, ಒಂದು ಕೊಳವೆಯಲ್ಲಿ ವೈರಸ್ ಬಂದರೆ, ಅದರಲ್ಲಿ ಒಂದು ಸೊಳ್ಳೆಗಾದರೂ ಸೋಂಕಿದೆ ಎಂದು ಹಿಡಿದು, ಕನಿಷ್ಠ ಸೋಂಕಿನ ಪ್ರಮಾಣ ಸಾವಿರಕ್ಕೆ 2. ‘ಒಂದು ಕೊಳವೆ ಪಾಸಿಟಿವ್’ ಎಂಬುದಕ್ಕಿಂತ ಈ ಅಂಕಿ ಬೇರೆ ಊರು, ಬೇರೆ ದೇಶದವರಿಗೂ ಕೆಲಸಕ್ಕೆ ಬರುತ್ತದೆ.

ವೈರಸ್ ಸಿಕ್ಕ ಮೇಲೆ

ಸುತ್ತಲಿನ ಜ್ವರದವರ, ಬಸುರಿಯರ ಮಾದರಿ ತೆಗೆಯಿಸಿ. ಜ್ವರದ ಮೊದಲ 5 ದಿನ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಆಮೇಲೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ. ಡೆಂಗಿ ಮತ್ತು ಜಿಕಾ ಐಜಿಎಂ ಒಂದಕ್ಕೊಂದು ಗೊಂದಲ ಮಾಡುತ್ತವೆ, ಹಾಗಾಗಿ ಜಿಕಾ ಅನುಮಾನವಿದ್ದರೆ ಮೂತ್ರವನ್ನೂ ಕಳಿಸಿ. ಅದರಲ್ಲಿ ವೈರಸ್ ರಕ್ತಕ್ಕಿಂತ ಹೆಚ್ಚು ದಿನ ಸಿಗುತ್ತದೆ.

ಖಾಲಿ ಮಾಡಲಾಗದ ತೊಟ್ಟಿಗೆ ಮರಿ ಕೊಲ್ಲುವ ಔಷಧಿ 50 ಇಸಿ ಟೆಮೆಫಾಸ್ 1,000 ಲೀಟರಿಗೆ 2 ಮಿಲಿ. ಮನೆಯೊಳಗೆ ಹೊಡೆಯಲು 2 ಶೇಕಡಾ ಪೈರೆಥ್ರಮ್ ಕೀಟನಾಶಕ 1 ಪಾಲಿಗೆ ಸೀಮೆಎಣ್ಣೆ 19 ಪಾಲು. ಆದರೆ ರೇಷ್ಮೆ ಹುಳು ಮನೆಯ ಹತ್ತಿರ ಇದನ್ನು ತರಲೇಬೇಡಿ, ಹಿಪ್ಪುನೇರಳೆ ತೋಟದ ಕಡೆ ಗಾಳಿ ಬೀಸುವಾಗ ಫಾಗಿಂಗೂ ಬೇಡ. ಎಲೆಗೆ ಕೂತ ಒಂದಿಷ್ಟು ಔಷಧಿಯೇ ಇಡೀ ಬೆಳೆಯನ್ನು ತೆಗೆಯುತ್ತದೆ. ಹಿಂದಿನ ದಿನವೇ ಸಾಕುವವರಿಗೆ ತಿಳಿಸಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ್ದರೆ ಗೂಡು ಕಟ್ಟಿ ಬಿಡಿಸುವ ತನಕ ಆ ಬೀದಿಯಲ್ಲಿ ಬಟ್ಟಲು ತಿಕ್ಕುವುದು, ಡ್ರಮ್ಮಿಗೆ ಬಟ್ಟೆ ಕಟ್ಟುವುದು ಇಷ್ಟೇ ಮಾಡಿ, ದಿನ ಬಿಟ್ಟು ದಿನ ಹೋಗಿ ನೋಡಿ.