ಕತ್ತರಿ ಬಾಯಿಗೆ ವಿಡಿಯಾ ಕೂರಿಸೋಕೆ ಹೋಗಿ ಕಲ್ತಿದ್ದು

ಮೊದಲನೇ ಬ್ಯಾಚಲ್ಲಿ 40 ಸರ್ಜರಿ ಕತ್ತರಿ ಕಳಿಸಿದ್ವಿ, ಅದರಲ್ಲಿ ಆರು ವಾಪಸ್ ಬಂದ್ವು. ಒಂದು ಪ್ಲಾಸ್ಟಿಕ್ ಕವರಲ್ಲಿ ಕತ್ತರಿಗಳು, ಇನ್ನೊಂದು ಪುಟ್ಟ ಜಿಪ್ ಕವರಲ್ಲಿ ಅವುಗಳ ಬಾಯಿಂದ ಕಿತ್ತು ಬಂದಿರೋ ಕಾರ್ಬೈಡ್ (ಸ್ಟೀಲಿಗಿಂತ ಗಡಸಾದ ಟಂಗ್‌ಸ್ಟನ್ ಕಾರ್ಬೈಡ್) ಪಟ್ಟಿಗಳು, ಬಿದ್ದ ಹಲ್ಲನ್ನ ಪೊಟ್ಟಣ ಕಟ್ಕೊಂಡು ಡಾಕ್ಟರಿಗೆ ತೋರಿಸೋಕೆ ಹೋಗ್ತಾರಲ್ಲ ಹಂಗೆ. ಪುಣ್ಯಕ್ಕೆ ಅವು ಯಾವ ಆಪರೇಷನ್ ಥಿಯೇಟರಿಗೂ ಹೋಗಿರ್ಲಿಲ್ಲ, ಟ್ರಯಲ್ ಪೀಸ್‌ಗಳು, ಆರ್ಡರ್ ಕೊಟ್ಟವರ ಕಡೆ ಹಬೆಯಲ್ಲಿ ಕ್ರಿಮಿ ಕೊಲ್ಲೋ ಆಟೋಕ್ಲೇವಲ್ಲಿ 134 ಡಿಗ್ರಿಗೆ ಹಾಕಿ ತೆಗೆದು ಹಾಕಿ ತೆಗೆದು ಮಾಡ್ತಿದ್ದಾಗ್ಲೇ ಬಿಟ್ಕೊಂಡಿದ್ವು.

ನಂದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್. ಮರ ಕುಯ್ಯೋ ಗರಗಸದ ಹಲ್ಲು, ಲೇತ್ ಟೂಲ್, ಇಂಥದಕ್ಕೆ ಕಾರ್ಬೈಡ್ ತುದಿ ಬ್ರೇಜ್ ಮಾಡಿ, ಅಂದ್ರೆ ನಡುವೆ ಬೇರೆ ಲೋಹ ಕರಗಿಸಿ ಬೆಸೆದು, ಕೊಡೋದು ಕೆಲಸ. ನಮ್ಮ ಕಡೆ ಕಾರ್ಬೈಡ್ ಅಂತ ಯಾರೂ ಅನ್ನಲ್ಲ, ವಿಡಿಯಾ ಅಂತಾರೆ. ಜರ್ಮನಿಯ ಕ್ರುಪ್ ಕಂಪನಿ 1926ರ ಹೊತ್ತಿಗೆ ಇದನ್ನ ಮಾರ್ಕೆಟ್ಟಿಗೆ ತಂದಾಗ ಇಟ್ಟ ಹೆಸರು ಅದು, 'ವೀ ಡಿಯಾಮಾಂಟ್' ಅಂದ್ರೆ ವಜ್ರದ ಥರ ಅಂತ. ತುಮಕೂರು ರೋಡಲ್ಲಿ ವಿಡಿಯಾ ಇಂಡಿಯಾ ಅಂತ ಕಾರ್ಖಾನೆನೇ ಇತ್ತು, ಈಗ ಅದು ಕೆನ್ನಾಮೆಟಲ್. ಹಂಗಾಗಿ ಪೀಣ್ಯದ ಹಳೇ ಫಿಟ್ಟರ್‌ಗಳ ಬಾಯಲ್ಲಿ ಅದು ಯಾವತ್ತಿಗೂ ವಿಡಿಯಾನೇ.

ಸರ್ಜರಿ ಕತ್ತರಿಯೂ ಅಷ್ಟೇ ತಾನೆ, ಬ್ಲೇಡಿನ ಅಂಚಲ್ಲಿ ಒಂದು ಸಣ್ಣ ಕಾಲುವೆ ಥರ ತೋಡಿ ತೆಳ್ಳಗಿನ ಪಟ್ಟಿ ಕೂರಿಸಿ ಬ್ರೇಜ್ ಮಾಡಿ ಗ್ರೈಂಡ್ ಮಾಡಿದ್ರೆ ಮುಗೀತು ಅಂದ್ಕೊಂಡಿದ್ದೆ. ಗರಗಸದ ಹಲ್ಲು ತುಕ್ಕು ಹಿಡಿದ್ರೆ ಕಾರ್ಪೆಂಟರ್ ತಲೆ ಕೆಡಿಸ್ಕೊಳ್ಳಲ್ಲ, ಇಲ್ಲಿ ಹಂಗಲ್ಲ ಅನ್ನೋದು ಆಮೇಲೆ ತಿಳೀತು.

ಕಿತ್ತು ಬಂದ ಪಟ್ಟಿಗಳನ್ನ ಭೂತಗನ್ನಡಿ ಇಟ್ಟು ನೋಡಿದೆ. ಬೆಸುಗೆಗೆ ಹಾಕಿದ್ದ ಬೆಳ್ಳಿ ಎಲ್ಲಾ ಸ್ಟೀಲ್ ಮೇಲೇ ಉಳ್ಕೊಂಡಿತ್ತು, ಕಾರ್ಬೈಡ್ ಮುಖ ಮಾತ್ರ ಬೂದುಬಣ್ಣಕ್ಕೆ ಒಣಗಿ ಕೂತಿತ್ತು, ಒಂದು ಚುಕ್ಕೆ ಬೆಳ್ಳಿ ಇಲ್ಲ. ಅಂದ್ರೆ ಬೆಸುಗೆ ಮುರಿದಿದ್ದಲ್ಲ, ಆ ಕಡೆ ಬೆಸುಗೆ ಆಗೇ ಇರ್ಲಿಲ್ಲ, ಕಮಲದ ಎಲೆ ಮೇಲೆ ನೀರು ನಿಂತ ಹಂಗೆ ನಿಂತು ಗಟ್ಟಿಯಾಗಿತ್ತು ಅಷ್ಟೇ. ಕಾರಣ ಹುಡುಕಿದ್ರೆ ನಾನೇ. ಒರಟು ಮಾಡಿದ್ರೆ ಚೆನ್ನಾಗಿ ಕಚ್ಕೊಳ್ಳುತ್ತೆ ಅಂತ ಪಟ್ಟಿಗಳನ್ನ ಅಲ್ಯುಮಿನಾ ಪುಡಿಯಲ್ಲಿ ಬ್ಲಾಸ್ಟ್ ಮಾಡಿಸಿದ್ದೆ, ಅಂದ್ರೆ ಪುಡಿನ ಗಾಳಿ ಒತ್ತಡದಲ್ಲಿ ಹೊಡೆಸಿದ್ದೆ. ಕಾರ್ಬೈಡ್ ಕಣಗಳನ್ನ ಹಿಡಿದಿಟ್ಕೊಂಡಿರೋದು ಕೋಬಾಲ್ಟ್, ಅದು ಮೆತ್ತಗೆ, ಅಲ್ಯುಮಿನಾ ಚೂರು ಹೋಗಿ ಅದರೊಳಗೆ ಚುಚ್ಕೊಂಡು ಕೂರುತ್ತೆ, ಮತ್ತೆ ಅಲ್ಯುಮಿನಾಗೂ ಬೆಳ್ಳಿಗೂ ಆಗಿಬರಲ್ಲ, ಬೆಳ್ಳಿ ಅದರ ಮೇಲೆ ಹರಿಯೋದೇ ಇಲ್ಲ. ಗರಗಸದ ಹಲ್ಲಲ್ಲಿ ಇದು ಯಾಕೆ ಗೊತ್ತಾಗಿರ್ಲಿಲ್ಲ ಅಂದ್ರೆ ಅಲ್ಲಿ ನಾವು ಬ್ಲಾಸ್ಟೇ ಮಾಡ್ತಿರ್ಲಿಲ್ಲ! ಸರ್ಜರಿ ಕೆಲಸ, ಹೆಚ್ಚು ಮುತುವರ್ಜಿ ಇರ್ಲಿ ಅಂತ ಮಾಡಿದ್ದೇ ಎಡವಟ್ಟಾಯ್ತು. ಈಗ ಡೈಮಂಡ್ ವೀಲಲ್ಲಿ ಒಂದು ಸಲ ಹಗುರಾಗಿ ತೇಯ್ತೀವಿ, ಸಿಂಟರ್ ಆದ, ಅಂದ್ರೆ ಪುಡಿ ಒತ್ತಿ ಕಾಯಿಸಿ ಗಟ್ಟಿ ಮಾಡೋವಾಗ ಬಂದ ಮೇಲಿನ ಚರ್ಮ ಹೋಗೋಷ್ಟು, ಆಮೇಲೆ ಅಸಿಟೋನಲ್ಲಿ ಅಲ್ಟ್ರಾಸೋನಿಕ್ ಸ್ನಾನ, ಆಮೇಲೆ ಬರಿಗೈಯಲ್ಲಿ ಯಾರೂ ಮುಟ್ಟೋ ಹಂಗಿಲ್ಲ, ತೊಳೆದ ಶಿಫ್ಟಲ್ಲೇ ಬ್ರೇಜ್ ಆಗ್ಬೇಕು.

ನಮ್ಮ ದೊಡ್ಡಪ್ಪ ತಿಪಟೂರಲ್ಲಿ ಅಕ್ಕಸಾಲಿ ಕೆಲಸ ಮಾಡ್ತಿದ್ದರು. ಬಿಳಿಗಾರ ಹಚ್ಚಿ, ಊದುಗೊಳವೆ ಬಾಯಲ್ಲಿಟ್ಟು, ಮೊದಲು ಸುತ್ತಲಿನ ಲೋಹ ಕಾಯಿಸಿ ಆಮೇಲೆ ಬೆಸುಗೆ ಕಡೆ ಬರ್ತಿದ್ದರು, ಬೆಸುಗೆಗೆ ನೇರ ಉರಿ ಕೊಟ್ರೆ ಬೈತಿದ್ದರು. ನಮ್ಮದೂ ಅದೇ ಕೆಲಸ, ಸಾಮಾನು ಮಾತ್ರ ಬೇರೆ. ಬಿಳಿಗಾರದ ಜಾಗದಲ್ಲಿ ಬೋರಾನ್ ಬೆರೆಸಿದ ಕಪ್ಪು ಫ್ಲಕ್ಸ್, ಯಾಕಂದ್ರೆ ಸ್ಟೇನ್‌ಲೆಸ್ ಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಬರೀ ಬಿಳಿಗಾರಕ್ಕೆ ಬಗ್ಗಲ್ಲ. ಫಿಲ್ಲರ್, ಅಂದ್ರೆ ಕರಗಿ ಬೆಸೆಯೋ ಲೋಹ, ಬಂದು 49 ಪರ್ಸೆಂಟ್ ಬೆಳ್ಳಿ, ಉಳಿದಿದ್ದು ತಾಮ್ರ, ಸತು, ಮ್ಯಾಂಗನೀಸ್, ನಿಕಲ್. ಆ ನಿಕಲ್, ಮ್ಯಾಂಗನೀಸ್ ಇದ್ರೇನೇ ಕಾರ್ಬೈಡ್ ಮೇಲೆ ಚೆನ್ನಾಗಿ ಹರಿಯೋದು. 680ಕ್ಕೆ ಕರಗೋಕೆ ಶುರು, 700ಕ್ಕೆ ಪೂರ್ತಿ ನೀರು. ಇದಕ್ಕಿಂತ ಕಮ್ಮಿ ಬಿಸಿಗೆ ಸಲೀಸಾಗಿ ಹರಿಯೋ ಹಳೇ ಕಡ್ಡಿಗಳು ಸಿಗುತ್ತೆ, ಅದರಲ್ಲಿ ಕ್ಯಾಡ್ಮಿಯಂ ಇರುತ್ತೆ. ಕೆಡಿಎಂ ಚಿನ್ನ ಅಂತ ಕೇಳಿರ್ತೀರಲ್ಲ, ಅದೇ ಕ್ಯಾಡ್ಮಿಯಂ. ಹೊಗೆ ಕುಡಿದೋರ ಶ್ವಾಸಕೋಶ ಹಾಳು. ಆಭರಣಕ್ಕೇ ಬೇಡ ಅಂದ್ಮೇಲೆ ಹೊಟ್ಟೆ ಕುಯ್ಯೋ ಕತ್ತರಿಗೆ ಹಾಕೋ ಮಾತೇ ಇಲ್ಲ, ನಮ್ಮ ಶೆಡ್ ಒಳಗೆ ಆ ಕಡ್ಡಿ ಬರೋ ಹಂಗೇ ಇಲ್ಲ.

ಎರಡನೇ ಬ್ಯಾಚಲ್ಲಿ ಬೆಸುಗೆ ಕಚ್ಕೊಂಡಿತು, ಎಷ್ಟು ಚೆನ್ನಾಗಿ ಕಚ್ಕೊಂಡಿತು ಅಂದ್ರೆ ಪಟ್ಟಿನೇ ಬಿರುಕು ಬಿಡ್ತು. ಕೆಲವು ಬ್ಲೇಡ್ ಬಿಲ್ಲಿನ ಥರ ಬಗ್ಗಿದ್ವು. ಇಸ್ತ್ರಿ ಪೆಟ್ಟಿಗೆ ಥರ್ಮೋಸ್ಟಾಟ್ ಒಳಗೆ ಎರಡು ಲೋಹದ ಪಟ್ಟಿ ಇರುತ್ತಲ್ಲ, ಬಿಸಿಗೆ ಬಗ್ಗೋದು, ಅದನ್ನೇ ನಾನು ಕೈಯಾರೆ ಮಾಡಿ ಇಟ್ಟಿದ್ದೆ. ಲೆಕ್ಕ ಹಾಕಿ ನೋಡಿ, ಸ್ಟೀಲು ಕಾರ್ಬೈಡಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಪ್ರತಿ ಡಿಗ್ರಿಗೆ ಮೀಟರಿಗೆ 5 ಮೈಕ್ರಾನ್ ವ್ಯತ್ಯಾಸ ಅಂತ ಇಟ್ಕೊಳ್ಳಿ, ಪಟ್ಟಿ ಉದ್ದ 40 ಮಿಲಿಮೀಟರ್, 680ರಿಂದ ರೂಮಿನ ಬಿಸಿಗೆ ಇಳಿಯೋವಾಗ 650 ಡಿಗ್ರಿ. 0.13 ಮಿಲಿಮೀಟರ್ ಬರುತ್ತೆ. ಜೆರಾಕ್ಸ್ ಹಾಳೆ ದಪ್ಪಕ್ಕಿಂತ ಒಂಚೂರು ಜಾಸ್ತಿ, ಆದ್ರೆ ಗಾಜಿನಂಥ ಕಾರ್ಬೈಡಿಗೆ ಅದೇ ಯಮ.

ಇದಕ್ಕೆ ಮದ್ದು ಮೂರು ಪದರದ ಹಾಳೆ, ಟ್ರೈಫಾಯಿಲ್ ಅಂತಾರೆ, ಮೇಲೆ ಕೆಳಗೆ ಬೆಳ್ಳಿ ಫಿಲ್ಲರ್, ಮಧ್ಯೆ ತಾಮ್ರ. ತಾಮ್ರ 700ಕ್ಕೆ ಕರಗಲ್ಲ, ಮೆತ್ತಗಿರೋದ್ರಿಂದ ಸ್ಟೀಲ್ ಎಳೆಯೋ ಎಳೆತ ತಾನು ತಿಂದು ಕಾರ್ಬೈಡನ್ನ ಉಳಿಸುತ್ತೆ, ಅತ್ತೆ ಸೊಸೆ ಮಧ್ಯೆ ಗಂಡನ ಥರ. ರೇಟ್ ಜಾಸ್ತಿ, ಆದ್ರೂ ಉದ್ದ ಪಟ್ಟಿಗೆ ಅದಿಲ್ದೆ ನಾನಂತೂ ಮಾಡಲ್ಲ. ಜೊತೆಗೆ ಬಿಸಿ ಪೀಸನ್ನ ಹೊರಗೆ ಗಾಳಿಗೆ ಇಡಲ್ಲ, ಒಣ ಬೂದಿಯಲ್ಲಿ ಹೂತು ಬಿಡ್ತೀವಿ, ತಾನಾಗೇ ಆರಲಿ. ಅವಸರಕ್ಕೆ ನೀರಲ್ಲಿ ಅದ್ದಿದ ಒಬ್ಬ ಹುಡುಗನಿಗೆ ಟಣ್ ಅಂತ ಸದ್ದು ಬಂದಾಗ್ಲೇ ಅರ್ಥ ಆಯ್ತು, ನಾನು ಏನೂ ಹೇಳೋ ಅವಶ್ಯಕತೆ ಬೀಳ್ಲಿಲ್ಲ. ಈಗ ಪ್ರತಿ ಬ್ಯಾಚಲ್ಲಿ ಒಂದು ಪೀಸನ್ನ ವೈಸಲ್ಲಿ ಹಿಡಿದು ಬೇಕಂತಲೇ ಪಟ್ಟಿ ಒಡೆದು ಕೀಳ್ತೀವಿ, ಎರಡೂ ಮುಖದಲ್ಲಿ ಬೆಳ್ಳಿ ಕಂಡ್ರೆ ಮಾತ್ರ ಬ್ಯಾಚ್ ಪಾಸ್.

ಇಷ್ಟಾದ್ಮೇಲೆ ತುಕ್ಕು. ಇದೇ ನನ್ನ ನಿದ್ದೆ ಕೆಡಿಸಿದ್ದು. ಕತ್ತರಿ ಸ್ಟೀಲು 420 ಅನ್ನೋ ಗ್ರೇಡಿನ ಸ್ಟೇನ್‌ಲೆಸ್, ಕ್ರೋಮಿಯಂ 12ರಿಂದ 14 ಪರ್ಸೆಂಟ್, 1040 ಡಿಗ್ರಿ ಹತ್ರ ಕಾಯಿಸಿ ತಣಿಸಿ 180ಕ್ಕೆ ಹದ ಮಾಡಿದ್ದು, ನಮ್ಮ ಕೈಗೆ ಬರೋವಾಗ ಗಡಸು ರಾಕ್‌ವೆಲ್ ಅಳತೆಯಲ್ಲಿ 52. ಬ್ರೇಜ್, ಪಾಲಿಶ್ ಎಲ್ಲಾ ಮುಗಿಸಿ ಡಿಸ್ಟಿಲ್ಡ್ ನೀರಲ್ಲಿ ಅರ್ಧ ಗಂಟೆ ಕುದಿಸಿ ಹಂಗೇ ಬಿಟ್ಟು ನೋಡಿದ್ರೆ, ಪಟ್ಟಿಯಿಂದ ಮೂರ್ನಾಲ್ಕು ಮಿಲಿಮೀಟರ್ ಆಚೆ ಕುಂಕುಮದ ಗೆರೆ ಎಳೆದ ಹಂಗೆ ಒಂದು ಕೆಂಪು ಪಟ್ಟೆ. ಪಟ್ಟಿ ಪಕ್ಕದಲ್ಲೇ ಅಲ್ಲ, ಸ್ವಲ್ಪ ದೂರದಲ್ಲಿ, ಎಲ್ಲಾ ಪೀಸಲ್ಲೂ ಅದೇ ದೂರ! ಆವಾಗ ತಲೆಗೆ ಹೊಳೀತು, ಅದು 450ರಿಂದ 600 ಡಿಗ್ರಿ ಕಂಡ ಜಾಗ. ಆ ಬಿಸಿಯಲ್ಲಿ ಈ ಸ್ಟೀಲೊಳಗಿನ ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಸೇರ್ಕೊಂಡು ಬಿಡುತ್ತೆ, ತುಕ್ಕು ತಡೆಯೋಕೆ ಬೇಕಾದ ಕ್ರೋಮಿಯಂ ಸುತ್ತಮುತ್ತ ಉಳಿಯಲ್ಲ. ಹೆಸರಿಗೆ ಸ್ಟೇನ್‌ಲೆಸ್, ಆ ಒಂದು ಗೆರೆಯಲ್ಲಿ ಮಾತ್ರ ಮಾಮೂಲಿ ಕಬ್ಬಿಣ.

ಗ್ಯಾಸ್ ಟಾರ್ಚಲ್ಲಿ ಒಂದೊಂದು ಪೀಸಿಗೆ ಎರಡು ನಿಮಿಷ ಕಾಯಿಸ್ತಿದ್ದೆ, ಬಿಸಿ ನಿಧಾನಕ್ಕೆ ಹಿಡಿಕೆವರೆಗೂ ಹರೀತಿತ್ತು. ಟಾರ್ಚ್ ಬಿಟ್ಟು ಇಂಡಕ್ಷನ್‌ಗೆ ಬಂದೆ. ಬ್ಲೇಡ್ ಅಂಚಿನ ಆಕಾರಕ್ಕೇ ತಾಮ್ರದ ಕಾಯಿಲ್ ಬಗ್ಗಿಸಿ, ಹಿಂಜ್ ಕಡೆ ನೀರು ಹರಿಯೋ ತಾಮ್ರದ ಕ್ಲಾಂಪ್ ಹಾಕಿ, 20 ಸೆಕೆಂಡ್ ಒಳಗೆ ಮುಗಿಸ್ತೀವಿ. ಪಟ್ಟಿ ಕೆಳಗಿನ ಸ್ಟೀಲ್ ಹದ ಹೋಗುತ್ತೆ, ಹೋಗ್ಲಿ, ಅಲ್ಲಿ ಕುಯ್ಯೋದು ಕಾರ್ಬೈಡು. ಹಿಂಜ್ ಹದ ಹೋಗ್ಬಾರದು, ಅದು ಹೋದ್ರೆ ಎರಡು ಬ್ಲೇಡ್ ಮಧ್ಯದ ಬಿಗಿ ಹೋಗಿ ಕತ್ತರಿ ಬಟ್ಟೆ ಜಗಿಯೋಕೆ ಶುರು ಮಾಡುತ್ತೆ. ಕೊನೆಗೆ ಬಣ್ಣ ಬಂದ ಚರ್ಮ ಪೂರ್ತಿ ತೇಯ್ದು ಸಿಟ್ರಿಕ್ ಆಸಿಡಲ್ಲಿ ಪ್ಯಾಸಿವೇಟ್ ಮಾಡಿದ್ಮೇಲೆ, ಅಂದ್ರೆ ತುಕ್ಕು ತಡೆಯೋ ಆಕ್ಸೈಡ್ ಪದರ ಕಟ್ಟಿಸಿದ್ಮೇಲೆ, ಕುದಿಸೋ ಟೆಸ್ಟು ಪಾಸಾಯ್ತು. ಈ ರಗಳೆನೇ ಬೇಡ ಅಂದ್ರೆ ಇನ್ನೊಂದು ದಾರಿ ಇದೆ, ವ್ಯಾಕ್ಯೂಮ್ ಫರ್ನೇಸಲ್ಲಿ 82 ಪಾಲು ಚಿನ್ನ 18 ಪಾಲು ನಿಕಲ್ ಇರೋ ಫಿಲ್ಲರ್, 955 ಡಿಗ್ರಿಗೆ ಕರಗುತ್ತೆ, ಸ್ವಲ್ಪ ಮೇಲೆ ಹೋಗಿ ಬ್ರೇಜೂ ಹದವೂ ಒಂದೇ ಏಟಿಗೆ. ಕೊಟೇಶನ್ ಕೇಳಿದೆ. ದೊಡ್ಡಪ್ಪ ಇದ್ದಿದ್ರೆ ಅದಕ್ಕೆ ಒಂದು ಜೊತೆ ಓಲೆ ಮಾಡಿಸ್ಕೊ ಅಂತಿದ್ದರು.

ಕೋಟಿಂಗ್ ಕಥೆನೂ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಮೊದಲು ಕೇಳೋದು ಅದನ್ನೇ. ಕಾರ್ಬೈಡ್ ಕತ್ತರಿಗೆ ಮೇಲಿಂದ ಟೈಟಾನಿಯಂ ನೈಟ್ರೈಡ್ ಹಾಕ್ಸಿಬಿಟ್ರೆ ಇನ್ನೂ ಗಟ್ಟಿ ಅಂತ ಒಂದು ಕೋಟಿಂಗ್ ಅಂಗಡಿಗೆ ತಗೊಂಡು ಹೋದೆ, ಅವರು ಕೇಳಿದ ಮೊದಲ ಪ್ರಶ್ನೆ ಬ್ರೇಜಲ್ಲಿ ಸತು ಇದೆಯಾ ಅಂತ. ಇದೆ ಅಂದೆ. ವಾಪಸ್ ಕೊಟ್ರು. ವ್ಯಾಕ್ಯೂಮಲ್ಲಿ 400, 450 ಡಿಗ್ರಿಗೆ ಸತು ಆವಿಯಾಗಿ ಚೇಂಬರ್ ಗೋಡೆಗೆಲ್ಲಾ ಬಳ್ಕೊಳ್ಳುತ್ತೆ, ಬೇರೆಯವರ ಪೀಸೂ ಹಾಳು. ಸರಿ, ಪಟ್ಟಿ ಇಲ್ಲದ ಬರೀ ಸ್ಟೀಲ್ ಕತ್ತರಿಗೆ ಹಾಕಿಸ್ದೆ. ಬಂಗಾರದ ಥರ ಬಂತು, ಎರಡು ಮೂರು ಮೈಕ್ರಾನ್ ದಪ್ಪ, ರಾಕ್‌ವೆಲ್ ಹೊಡೆದ್ರೆ ಗಡಸೂ ಅಂಥಾ ಏನೂ ಇಳಿದಿರ್ಲಿಲ್ಲ, ಖುಷಿಯಾಯ್ತು. ಅದೇ ಮೋಸ ಆಗಿದ್ದು. ಕುದಿಸಿದ್ರೆ ಚಿನ್ನದ ಮೇಲೆಲ್ಲಾ ಸೂಜಿಮೊನೆ ಕೆಂಪು ಚುಕ್ಕೆ. ಕೋಟಿಂಗಲ್ಲಿ ಕಣ್ಣಿಗೆ ಕಾಣದ ತೂತು ಇದ್ದೇ ಇರುತ್ತೆ, ಕೆಳಗಿನ ಸ್ಟೀಲು ಮತ್ತದೇ 450 ಡಿಗ್ರಿ ಕಂಡು ಕ್ರೋಮಿಯಂ ಕಳ್ಕೊಂಡಿತ್ತು. ಎಲ್ಲಾ ಸುತ್ತಿ ಬಂದು ನಿಂತಿದ್ದು ಒಂದೇ ಮಾತಿಗೆ, 180ಕ್ಕೆ ಹದ ಆದ ಸ್ಟೀಲಿಗೆ ಅದಕ್ಕಿಂತ ಜಾಸ್ತಿ ಬಿಸಿ ಮತ್ತೆ ತೋರಿಸ್ಬಾರದು, ತೋರಿಸಲೇಬೇಕಾದ್ರೆ ಎಷ್ಟು ಜಾಗಕ್ಕೆ ಎಷ್ಟು ಸೆಕೆಂಡ್ ಅನ್ನೋ ಲೆಕ್ಕ ಕೈಯಲ್ಲಿರ್ಬೇಕು.

ಈಗ ಪಟ್ಟಿ ಇಲ್ಲದ ಕತ್ತರಿಗೆ ಡಿಎಲ್‌ಸಿ ಹಾಕಿಸ್ತೀನಿ, ಅದೇ ವಜ್ರದಂಥ ಕಾರ್ಬನ್, ಕಪ್ಪಗೆ ಬರುತ್ತೆ, 180 ದಾಟದ ಹಂಗೆ ಮಾಡಿ ಕೊಡೋರು ಇದ್ದಾರೆ. ಅದೂ ಎರಡೂ ಮುಖಕ್ಕಲ್ಲ. ಎರಡೂ ಕಡೆ ಹಾಕಿದ್ರೆ ಅಂಚು ದುಂಡಗಾಗುತ್ತೆ, ಕೋಟಿಂಗ್ ಆದ್ಮೇಲೆ ಒಂದು ಮುಖ ಗ್ರೈಂಡ್ ಮಾಡಿ ತೆಗೀಬೇಕು, ಆಗ ಒಂದು ಕಡೆ ಗಡಸು ಒಂದು ಕಡೆ ಮೆದು, ಮೆದು ಕಡೆ ಸವೀತಾ ಸವೀತಾ ಗಡಸು ಅಂಚು ಚೂಪಾಗೇ ಉಳಿಯುತ್ತೆ. ಇಲಿ ಹಲ್ಲು ನೋಡಿ, ಮುಂದೆ ಮಾತ್ರ ಗಟ್ಟಿ ಎನಾಮಲ್, ಅದೇ ಲೆಕ್ಕ. ಟೆಸ್ಟಿಗೆ ಗ್ಲೌಸ್ ರಬ್ಬರ್ ಒದ್ದೆ ಮಾಡಿ ಬರೀ ತುದಿಯಿಂದ ಕುಯ್ತೀವಿ, ಎಳೆದ್ರೆ ಜಗಿದ್ರೆ ರಿಜೆಕ್ಟ್. ಸರ್ಜನ್‌ಗಳು ಕುಯ್ಯೋದು ತುದಿಯಲ್ಲೇ ತಾನೆ.

ಅಂದಹಾಗೆ ಕಾರ್ಬೈಡ್ ಕತ್ತರಿಯ ಚಿನ್ನದ ಬಣ್ಣದ ಹಿಡಿ ನೋಡಿ ಅದೇ ಕೋಟಿಂಗ್ ಅಂದ್ಕೊಳ್ಳೋರು ಬಹಳ ಜನ, ಅಲ್ಲ, ಅದು ಬರೀ ಗುರುತು, ಒಳಗೆ ಕಾರ್ಬೈಡ್ ಇದೆ ಅಂತ ಹೇಳೋಕೆ ಹಿಡಿಗೆ ಚಿನ್ನದ ಮುಲಾಮು, ಅಂದ್ರೆ ತೆಳ್ಳಗಿನ ಚಿನ್ನದ ಲೇಪ. ಹಿಡಿ ಮಾತ್ರ ಚಿನ್ನ ಮಾಡಿ ಬಾಯಿಗೆ ಏನೂ ಕೂರಿಸದೆ ಮಾರೋರೂ ಇದ್ದಾರೆ, ಕೊಳ್ಳೋವಾಗ ಅಂಚಲ್ಲಿ ಬೆಸುಗೆ ಗೆರೆ ಇದೆಯಾ ನೋಡ್ಕೊಳ್ಳಿ. ಮುಲಾಮು ನಮ್ಮ ಕೊನೇ ಕೆಲಸ, ಮೊದಲು ಆಸಿಡ್ ನಿಕಲ್ ಸ್ನಾನ ಕೊಡ್ಬೇಕು ಇಲ್ಲಾಂದ್ರೆ ಸ್ಟೇನ್‌ಲೆಸ್ ಮೇಲೆ ಚಿನ್ನ ನಿಲ್ಲಲ್ಲ, ಆಮೇಲೆ ಬೆಚ್ಚಗಿನ ನೀರಿನಷ್ಟು ಬಿಸಿಯಲ್ಲಿ ಚಿನ್ನ. ಕಳೆದ ಬ್ಯಾಚ್ 40ಕ್ಕೆ 40 ನಿಂತ್ವು, ಒಂದು ಪಟ್ಟಿ ಬಿಡ್ಲಿಲ್ಲ, ಒಂದು ಗೆರೆ ತುಕ್ಕಿಲ್ಲ. ಫೋನ್ ಬಂತು. ಹಿಡಿ ಬಣ್ಣ ಸ್ವಲ್ಪ ಡಲ್ ಆಯ್ತು ಸಾರ್ ಅಂತ.